ಶಾಸಕರು ನಿಧನರಾದ ಮೇಲೆ ಕ್ಷೇತ್ರದಲ್ಲಿ ಏನಾಗುತ್ತದೆ? ಉಪಚುನಾವಣೆಯ ಒಳಲೆಕ್ಕ

ವಿಜಯಪುರ ಜಿಲ್ಲೆಯ ಸಿಂದಗಿ ಕ್ಷೇತ್ರದ ಶಾಸಕರಾಗಿದ್ದ ಎಂ.ಸಿ. ಮನಗೂಳಿ 2021ರ ಜನವರಿ 28ರಂದು ನಿಧನರಾದರು. ಹಾವೇರಿ ಜಿಲ್ಲೆಯ ಹಾನಗಲ್ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ ಸಿ.ಎಂ. ಉದಾಸಿ ಅದೇ ವರ್ಷದ ಜೂನ್ 8ರಂದು ತೀರಿಕೊಂಡರು. ಎರಡು ಸಾವುಗಳ ನಡುವೆ ನಾಲ್ಕು ತಿಂಗಳಿಗೂ ಹೆಚ್ಚು ಅಂತರವಿದ್ದರೂ ಎರಡೂ ಕ್ಷೇತ್ರಗಳ ಮತದಾರರು ಮತಗಟ್ಟೆಗೆ ಹೋದದ್ದು ಒಂದೇ ದಿನ, ಅಕ್ಟೋಬರ್ 30ರಂದು. ಹೀಗಾಗಿ ಸಿಂದಗಿ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಶಾಸಕರಿಲ್ಲದೆ ಉಳಿಯಿತು, ಹಾನಗಲ್‌ನಲ್ಲಿ ಐದು ತಿಂಗಳು ತುಂಬುವ ಮೊದಲೇ ಮತದಾನ ಮುಗಿಯಿತು. ಮರುವರ್ಷ ಸೆಪ್ಟೆಂಬರ್ 6ರಂದು ಸಚಿವ ಉಮೇಶ ಕತ್ತಿ ನಿಧನರಾದಾಗ ಬೆಳಗಾವಿ ಜಿಲ್ಲೆಯಲ್ಲಿನ ಅವರ ಹುಕ್ಕೇರಿ ಕ್ಷೇತ್ರದಲ್ಲಿ ಉಪಚುನಾವಣೆಯೇ ನಡೆಯಲಿಲ್ಲ.

ಮೂರು ಕಡೆಯೂ ಅನ್ವಯವಾದದ್ದು ಒಂದೇ ಕಾನೂನು. ಅದೇ ಕಾನೂನು ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಚುನಾವಣೆ ತಂದು, ಮತ್ತೊಂದು ಕಡೆ ಚುನಾವಣೆಯೇ ಬೇಡವೆಂದದ್ದು ಹೇಗೆ ಎಂಬುದನ್ನು ಬಿಡಿಸಿ ನೋಡಿದರೆ ಉಪಚುನಾವಣೆಯ ವ್ಯವಸ್ಥೆ ಬಹುಮಟ್ಟಿಗೆ ಅರ್ಥವಾಗುತ್ತದೆ.

ಶಾಸಕ ಸ್ಥಾನಕ್ಕೆ ಪೌತಿ ಖಾತೆ ಇಲ್ಲ

ಜಮೀನಿನ ಖಾತೆದಾರರು ತೀರಿಕೊಂಡರೆ ವಾರಸುದಾರರು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಕೊಟ್ಟು ಪೌತಿ ಖಾತೆ ಮಾಡಿಸಿಕೊಳ್ಳುತ್ತಾರೆ. ವಿಧಾನಸಭೆಯ ಸ್ಥಾನಕ್ಕೆ ಅಂಥ ದಾರಿಯಿಲ್ಲ. ಅದು ಕುಟುಂಬಕ್ಕೆ ಹೋಗುವುದಿಲ್ಲ, ಹಿಂದಿನ ಚುನಾವಣೆಯಲ್ಲಿ ಎರಡನೇ ಸ್ಥಾನ ಪಡೆದವರಿಗೂ ಹೋಗುವುದಿಲ್ಲ, ಗೆದ್ದ ಪಕ್ಷವು ತನ್ನ ಇನ್ನೊಬ್ಬ ಸದಸ್ಯರನ್ನು ಅಲ್ಲಿ ಕೂರಿಸುವಂತೆಯೂ ಇಲ್ಲ. ಪಕ್ಷಗಳ ಪಟ್ಟಿಗೆ ಮತ ಹಾಕುವ ಪದ್ಧತಿಯಿರುವ ಕೆಲವು ದೇಶಗಳಲ್ಲಿ ಸದಸ್ಯರೊಬ್ಬರು ತೀರಿಕೊಂಡರೆ ಅದೇ ಪಟ್ಟಿಯ ಮುಂದಿನ ಹೆಸರಿನವರು ಸದಸ್ಯರಾಗುತ್ತಾರೆ. ನಮ್ಮಲ್ಲಿ ಮತ ಬೀಳುವುದು ಒಬ್ಬ ವ್ಯಕ್ತಿಗೆ, ಒಂದು ಕ್ಷೇತ್ರದ ಮಟ್ಟಿಗೆ. ಆ ವ್ಯಕ್ತಿ ಇಲ್ಲವಾದ ಮೇಲೆ ಆಯ್ಕೆಯ ಹಕ್ಕು ಅದೇ ಕ್ಷೇತ್ರದ ಮತದಾರರಿಗೆ ಮರಳುತ್ತದೆ.

ಈ ಮಾತನ್ನು ಕಾನೂನಿನ ರೂಪದಲ್ಲಿ ಹೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 150ನೇ ಸೆಕ್ಷನ್. ಸದಸ್ಯರ ಸ್ಥಾನವೊಂದು ಅವಧಿಯ ನಡುವೆ ತೆರವಾದರೆ, ಅದನ್ನು ತುಂಬಲು ಒಬ್ಬರನ್ನು ಆರಿಸಿ ಕಳುಹಿಸುವಂತೆ ಚುನಾವಣಾ ಆಯೋಗವು ರಾಜಪತ್ರದ ಅಧಿಸೂಚನೆಯ ಮೂಲಕ ಆ ಕ್ಷೇತ್ರವನ್ನು ಕೇಳಬೇಕು ಎನ್ನುತ್ತದೆ ಅದು. ಇಲ್ಲಿ ಆಯೋಗವೆಂದರೆ ದೆಹಲಿಯಲ್ಲಿರುವ ಭಾರತದ ಚುನಾವಣಾ ಆಯೋಗ. ಗ್ರಾಮ ಪಂಚಾಯಿತಿ, ನಗರಸಭೆಗಳ ಚುನಾವಣೆ ನಡೆಸುವ ರಾಜ್ಯ ಚುನಾವಣಾ ಆಯೋಗ ಬೇರೆ ಸಂಸ್ಥೆ, ಶಾಸಕರ ಉಪಚುನಾವಣೆಯಲ್ಲಿ ಅದಕ್ಕೆ ಪಾತ್ರವಿಲ್ಲ. ದಿನಾಂಕವನ್ನು ಮುಖ್ಯಮಂತ್ರಿಯಾಗಲಿ ಸಭಾಧ್ಯಕ್ಷರಾಗಲಿ ನಿಗದಿ ಮಾಡುವುದಿಲ್ಲ.

ರಾಜೀನಾಮೆಯಿಂದ ತೆರವಾಗುವ ಸ್ಥಾನಕ್ಕೂ ನಿಧನದಿಂದ ತೆರವಾಗುವ ಸ್ಥಾನಕ್ಕೂ ಒಂದು ವ್ಯತ್ಯಾಸವಿದೆ. ರಾಜೀನಾಮೆ ಸ್ವ ಇಚ್ಛೆಯದೇ, ನೈಜವೇ ಎಂದು ಸಭಾಧ್ಯಕ್ಷರು ಪರಿಶೀಲಿಸಿ ಅಂಗೀಕರಿಸಬೇಕು. ಈ ಹಂತದಲ್ಲಿ ಎಷ್ಟು ಜಗ್ಗಾಟ ಸಾಧ್ಯವೆಂಬುದನ್ನು ಆಗಿನ ಮೈತ್ರಿ ಸರ್ಕಾರದ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟ 2019ರ ಜುಲೈನಲ್ಲಿ ಇಡೀ ರಾಜ್ಯ ನೋಡಿದೆ. ನಿಧನದ ಸಂದರ್ಭದಲ್ಲಿ ಯಾರೂ ಏನನ್ನೂ ಅಂಗೀಕರಿಸಬೇಕಾಗಿಲ್ಲ. ಸ್ಥಾನ ಅಂದೇ ತೆರವಾಗುತ್ತದೆ, ವಿಧಾನಸಭೆಯ ಸಚಿವಾಲಯವು ಆ ಸಂಗತಿಯನ್ನು ಅಧಿಕೃತವಾಗಿ ಪ್ರಕಟಿಸಿ ಆಯೋಗಕ್ಕೆ ತಿಳಿಸುತ್ತದೆ. ಮುಂದಿನ ಅಧಿವೇಶನದಲ್ಲಿ ಸದನ ಸಂತಾಪ ಸೂಚಿಸುವುದು ಗೌರವದ ವಿಷಯ, ಚುನಾವಣೆಯ ಗಡಿಯಾರಕ್ಕೆ ಅದರೊಡನೆ ಸಂಬಂಧವಿಲ್ಲ.

ಒಂದರಂತೆ ಕಾಣುವ ಬೇರೆ ಬೇರೆ ಪದಗಳು

ಉಪಚುನಾವಣೆ, ಮರುಮತದಾನ, ಮಧ್ಯಂತರ ಚುನಾವಣೆ ಎಂಬ ಪದಗಳು ಮಾತಿನಲ್ಲಿ ಆಗಾಗ ಅದಲುಬದಲಾಗುತ್ತವೆ. ಮತಗಟ್ಟೆಯಲ್ಲಿ ಯಂತ್ರ ಕೆಟ್ಟೋ ಗಲಾಟೆಯಾಗಿಯೋ ಮತದಾನ ರದ್ದಾದರೆ ಆ ಗಟ್ಟೆಯಲ್ಲಿ ಮಾತ್ರ ಮತ್ತೆ ನಡೆಯುವುದು ಮರುಮತದಾನ. ಇಡೀ ವಿಧಾನಸಭೆ ಅವಧಿಗೆ ಮೊದಲೇ ವಿಸರ್ಜನೆಯಾಗಿ ಎಲ್ಲ ಕ್ಷೇತ್ರಗಳಲ್ಲೂ ನಡೆಯುವುದು ಮಧ್ಯಂತರ ಚುನಾವಣೆ. ಸದನ ಹಾಗೆಯೇ ಇದ್ದು ಒಂದು ಸ್ಥಾನವಷ್ಟೇ ಖಾಲಿಯಾದಾಗ ನಡೆಯುವುದು ಉಪಚುನಾವಣೆ.

ಇವುಗಳ ಜೊತೆಗೆ ಇನ್ನೊಂದು ಬಗೆ ಇದೆ. 2018ರ ವಿಧಾನಸಭಾ ಚುನಾವಣೆಯ ಮತದಾನ ಮೇ 12ಕ್ಕೆ ನಿಗದಿಯಾಗಿತ್ತು. ಬೆಂಗಳೂರಿನ ಜಯನಗರದ ಶಾಸಕರೂ ಅಲ್ಲಿನ ಬಿಜೆಪಿ ಅಭ್ಯರ್ಥಿಯೂ ಆಗಿದ್ದ ಬಿ.ಎನ್. ವಿಜಯಕುಮಾರ್ ಮೇ 4ರಂದು ನಿಧನರಾದರು. ಅಲ್ಲಿನ ಮತದಾನ ಜೂನ್ 11ಕ್ಕೆ ಹೋಯಿತು. ಅನೇಕರು ಇದನ್ನು ಉಪಚುನಾವಣೆ ಎಂದೇ ಕರೆದರು, ಆದರೆ ಅದು ಮುಂದೂಡಲ್ಪಟ್ಟ ಸಾರ್ವತ್ರಿಕ ಚುನಾವಣೆಯಾಗಿತ್ತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನಕ್ಕೆ ಮೊದಲು ತೀರಿಕೊಂಡರೆ ಮತದಾನವನ್ನು ಮುಂದೂಡಿ, ಬೇರೊಬ್ಬರನ್ನು ನಿಲ್ಲಿಸಲು ಆ ಪಕ್ಷಕ್ಕೆ ಏಳು ದಿನ ಕೊಡಬೇಕೆಂದು ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಉಳಿದ ಅಭ್ಯರ್ಥಿಗಳು ಹೊಸದಾಗಿ ನಾಮಪತ್ರ ಸಲ್ಲಿಸಬೇಕಿಲ್ಲ. ಪಕ್ಷೇತರ ಅಭ್ಯರ್ಥಿಯೊಬ್ಬರು ತೀರಿಕೊಂಡರೆ ಮತದಾನ ನಿಲ್ಲುವುದಿಲ್ಲ. ಜಯನಗರದಲ್ಲಿ ವಿಜಯಕುಮಾರ್ ಅವರ ಸಹೋದರ ಬಿ.ಎನ್. ಪ್ರಹ್ಲಾದ್ ಕಣಕ್ಕಿಳಿದರು, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ 2,889 ಮತಗಳ ಅಂತರದಿಂದ ಗೆದ್ದರು.

ಆರು ತಿಂಗಳ ಗಡುವು, ಅದರ ಎರಡು ಬಾಗಿಲುಗಳು

ತೆರವಾದ ಸ್ಥಾನವನ್ನು ಎಷ್ಟು ದಿನದೊಳಗೆ ತುಂಬಬೇಕೆಂಬ ಸ್ಪಷ್ಟ ಗಡುವು ಬಹಳ ಕಾಲ ಕಾಯ್ದೆಯಲ್ಲಿ ಇರಲಿಲ್ಲ. 1996ರ ತಿದ್ದುಪಡಿಯಲ್ಲಿ 151ಎ ಎಂಬ ಸೆಕ್ಷನ್ ಸೇರಿತು. ಸ್ಥಾನ ತೆರವಾದ ದಿನದಿಂದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು ಎಂಬುದು ಅದರ ಸಾರ. ಉದಾಸಿ ಅವರು ನಿಧನರಾದ ಜೂನ್ 8ರಿಂದ ಎಣಿಸಿದರೆ ಹಾನಗಲ್‌ನ ಗಡುವು ಡಿಸೆಂಬರ್ ಮೊದಲ ವಾರಕ್ಕೆ ಬರುತ್ತದೆ, ಅಕ್ಟೋಬರ್ 30ರ ಮತದಾನ ಅದರೊಳಗೇ ಆಯಿತು.

ಈ ನಿಯಮದಿಂದ ಹೊರಗೆ ಹೋಗಲು ಅದೇ ಸೆಕ್ಷನ್ ಎರಡು ಬಾಗಿಲುಗಳನ್ನು ಇಟ್ಟಿದೆ. ತೀರಿಕೊಂಡ ಸದಸ್ಯರ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಗಡುವು ಅನ್ವಯಿಸುವುದಿಲ್ಲ ಎಂಬುದು ಮೊದಲನೆಯದು. ಹುಕ್ಕೇರಿಯಲ್ಲಿ ಆದದ್ದು ಇದು. ಆಗಿನ ವಿಧಾನಸಭೆಯ ಅವಧಿ 2023ರ ಮೇ 24ಕ್ಕೆ ಮುಗಿಯಲಿತ್ತು, ಉಮೇಶ ಕತ್ತಿ ಅವರು ತೀರಿಕೊಂಡಾಗ ಉಳಿದದ್ದು ಎಂಟೂವರೆ ತಿಂಗಳು. ಅದೇ ಬೆಳಗಾವಿ ಜಿಲ್ಲೆಯ ಸವದತ್ತಿಯ ಶಾಸಕರೂ ಉಪಸಭಾಧ್ಯಕ್ಷರೂ ಆಗಿದ್ದ ಆನಂದ ಮಾಮನಿ 2022ರ ಅಕ್ಟೋಬರ್‌ನಲ್ಲಿ ನಿಧನರಾದಾಗಲೂ ಇದೇ ಲೆಕ್ಕ. ಎರಡೂ ಕ್ಷೇತ್ರಗಳ ಮತದಾರರು ನೇರವಾಗಿ 2023ರ ಮೇ ತಿಂಗಳ ಸಾರ್ವತ್ರಿಕ ಚುನಾವಣೆಗೆ ಕಾದರು.

ನಿಗದಿತ ಕಾಲದೊಳಗೆ ಚುನಾವಣೆ ನಡೆಸುವುದು ಕಷ್ಟವೆಂದು ಆಯೋಗವು ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ದೃಢೀಕರಿಸಿದರೆ ತಡಮಾಡಬಹುದು ಎಂಬುದು ಎರಡನೆಯ ಬಾಗಿಲು. ಸಿಂದಗಿಯ ಆರು ತಿಂಗಳು 2021ರ ಜುಲೈ ಕೊನೆಗೆ ಮುಗಿಯಬೇಕಿತ್ತು. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್‌ನ ಎರಡನೇ ಅಲೆ ಹೇಗಿತ್ತೆಂದು ಯಾರಿಗೂ ನೆನಪಿಸಬೇಕಾಗಿಲ್ಲ. ಆಯೋಗವು ಆ ವರ್ಷದ ಮೇ 5ರಂದು ದೇಶದ ಮೂರು ಲೋಕಸಭಾ ಕ್ಷೇತ್ರಗಳ ಮತ್ತು ಎಂಟು ವಿಧಾನಸಭಾ ಕ್ಷೇತ್ರಗಳ ಉಪಚುನಾವಣೆಯನ್ನು ಮುಂದಕ್ಕೆ ಹಾಕಿತು, ಆ ಎಂಟರಲ್ಲಿ ಸಿಂದಗಿಯೂ ಇತ್ತು. ಅದು ಕಾಯುತ್ತಿರುವಾಗಲೇ ಹಾನಗಲ್ ತೆರವಾಯಿತು. ಹೀಗೆ ಎರಡೂ ಒಂದೇ ವೇಳಾಪಟ್ಟಿಗೆ ಸೇರಿದವು.

ಬೇರೆ ಬೇರೆ ಕಾಲದಲ್ಲಿ ತೆರವಾದ ಸ್ಥಾನಗಳನ್ನು ಒಟ್ಟುಗೂಡಿಸಿ ಚುನಾವಣೆ ನಡೆಸುವುದು ಆಯೋಗದ ರೂಢಿ. ಸಿಬ್ಬಂದಿ, ಭದ್ರತಾ ಪಡೆ, ಯಂತ್ರಗಳ ಸಾಗಣೆ ಎಲ್ಲವನ್ನೂ ಎರಡೆರಡು ಸಲ ಹೊಂದಿಸುವ ಹೊರೆ ತಪ್ಪುತ್ತದೆ. ಸುರಪುರದ ಶಾಸಕ ರಾಜಾ ವೆಂಕಟಪ್ಪ ನಾಯಕ 2024ರ ಫೆಬ್ರವರಿ 25ರಂದು ನಿಧನರಾದರು. ಲೋಕಸಭಾ ಚುನಾವಣೆ ಹೊಸ್ತಿಲಲ್ಲೇ ಇದ್ದುದರಿಂದ ಉಪಚುನಾವಣೆಯನ್ನೂ ಅದರೊಂದಿಗೇ ಸೇರಿಸಲಾಯಿತು, ಸುರಪುರದ ಮತದಾರರು ಮೇ 7ರಂದು ಒಂದೇ ಮತಗಟ್ಟೆಯಲ್ಲಿ ಎರಡು ಮತ ಹಾಕಿದರು.

ಕಾಯ್ದೆಯ ಓದು ಇಷ್ಟು ಸರಳವಾಗಿದ್ದರೂ ತಕರಾರುಗಳು ನ್ಯಾಯಾಲಯದವರೆಗೆ ಹೋದದ್ದುಂಟು. ಪುಣೆಯ ಲೋಕಸಭಾ ಸದಸ್ಯ ಗಿರೀಶ್ ಬಾಪಟ್ 2023ರ ಮಾರ್ಚ್‌ನಲ್ಲಿ ನಿಧನರಾದಾಗ ಲೋಕಸಭೆಯ ಅವಧಿ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೂ ಉಪಚುನಾವಣೆ ನಡೆಯಲಿಲ್ಲ. ಚುನಾವಣೆ ನಡೆಸುವಂತೆ ಬಾಂಬೆ ಹೈಕೋರ್ಟ್ ಆ ವರ್ಷದ ಡಿಸೆಂಬರ್‌ನಲ್ಲಿ ಆದೇಶಿಸಿತು, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು, ಅಷ್ಟರಲ್ಲಿ ಸಾರ್ವತ್ರಿಕ ಚುನಾವಣೆಯೇ ಬಂದುಬಿಟ್ಟಿತು. ಆರು ತಿಂಗಳೆಂಬುದು ಕಟ್ಟುನಿಟ್ಟಿನ ಗಡುವೇ, ಆದರೂ ಕಲ್ಲಿನ ಗೆರೆಯಲ್ಲ ಎನ್ನಲು ಇದೊಂದು ನಿದರ್ಶನ ಸಾಕು.

ಘೋಷಣೆಯಿಂದ ಎಣಿಕೆಯವರೆಗೆ

ದಿನಾಂಕಗಳು ಹೇಗೆ ಹುಟ್ಟುತ್ತವೆ ಎಂಬುದು ಬಹುತೇಕ ಅಂಕಗಣಿತದ ವಿಷಯ. ಅಧಿಸೂಚನೆ ಹೊರಬಿದ್ದ ದಿನದ ನಂತರದ ಏಳನೆಯ ದಿನ ನಾಮಪತ್ರ ಸಲ್ಲಿಕೆಗೆ ಕೊನೆಯ ದಿನ. ಅದರ ಮರುದಿನ ಪರಿಶೀಲನೆ, ಪರಿಶೀಲನೆಯ ನಂತರದ ಎರಡನೆಯ ದಿನದವರೆಗೆ ನಾಮಪತ್ರ ವಾಪಸ್ ಪಡೆಯಲು ಅವಕಾಶ. ವಾಪಸಾತಿಯ ಕೊನೆಯ ದಿನದಿಂದ ಮತದಾನಕ್ಕೆ ಕನಿಷ್ಠ ಹದಿನಾಲ್ಕು ದಿನಗಳ ಅಂತರ ಇರಬೇಕು. ಇವುಗಳ ನಡುವೆ ಸಾರ್ವಜನಿಕ ರಜೆ ಬಂದರೆ ಆ ಹಂತ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ.

ಸಿಂದಗಿ ಮತ್ತು ಹಾನಗಲ್‌ನ ವೇಳಾಪಟ್ಟಿಯನ್ನು ಈ ಸೂತ್ರಕ್ಕೆ ಹೊಂದಿಸಿ ನೋಡಬಹುದು. 2021ರ ಸೆಪ್ಟೆಂಬರ್ 28ರಂದು ಆಯೋಗ ಚುನಾವಣೆ ಘೋಷಿಸಿತು, ಅಕ್ಟೋಬರ್ 1ರಂದು ಅಧಿಸೂಚನೆ ಹೊರಟಿತು. ನಾಮಪತ್ರಕ್ಕೆ 8 ಕೊನೆಯ ದಿನ. ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ, ಆದ್ದರಿಂದ ಪರಿಶೀಲನೆ 11ರಂದು. ವಾಪಸಾತಿಗೆ 13. ಅಲ್ಲಿಂದ ಹದಿನಾಲ್ಕು ದಿನ ಬಿಟ್ಟರೆ 27, ಮತದಾನ ನಡೆದದ್ದು 30ರ ಶನಿವಾರ. ನವೆಂಬರ್ 2ರಂದು ಎಣಿಕೆ ನಡೆಯಿತು. ಮುಂದೆ ಯಾವುದೇ ಉಪಚುನಾವಣೆಯ ಅಧಿಸೂಚನೆ ಕಂಡಾಗ ಕ್ಯಾಲೆಂಡರ್ ಹಿಡಿದು ಓದುಗರೇ ಈ ಲೆಕ್ಕ ಹಾಕಿ ನೋಡಬಹುದು.

ಮಾದರಿ ನೀತಿಸಂಹಿತೆ ಜಾರಿಯಾಗುವುದು ಅಧಿಸೂಚನೆಯಿಂದ ಅಲ್ಲ, ಘೋಷಣೆಯ ಗಳಿಗೆಯಿಂದ. ಒಂದೇ ಕ್ಷೇತ್ರದ ಚುನಾವಣೆಯಾದರೂ ಸಾಮಾನ್ಯವಾಗಿ ಇಡೀ ಜಿಲ್ಲೆಗೆ ಅದು ಅನ್ವಯಿಸುತ್ತದೆ. ಕ್ಷೇತ್ರವು ರಾಜ್ಯದ ರಾಜಧಾನಿಯಲ್ಲೋ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲೋ ಇದ್ದರೆ ಮಾತ್ರ ಆ ಕ್ಷೇತ್ರದ ಮಟ್ಟಿಗೆ ಸೀಮಿತವಾಗುತ್ತದೆ. ಜಿಲ್ಲೆಯ ಇನ್ನೊಂದು ತುದಿಯ ತಾಲ್ಲೂಕಿನಲ್ಲೂ ಹೊಸ ಕಾಮಗಾರಿಯ ಶಂಕುಸ್ಥಾಪನೆ ನಿಂತುಹೋಗುವುದು ಈ ಕಾರಣಕ್ಕೆ. ಮೊದಲೇ ಆರಂಭವಾಗಿರುವ ಕೆಲಸಗಳು ಮುಂದುವರಿಯುತ್ತವೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೆಲಸವೂ ನಾಮಪತ್ರದ ಕೊನೆಯ ದಿನಕ್ಕೆ ನಿಲ್ಲುತ್ತದೆ, ಹಾಗಾಗಿ ಪ್ರಚಾರದ ಅಬ್ಬರ ಶುರುವಾದ ಮೇಲೆ ಎಚ್ಚೆತ್ತುಕೊಂಡವರಿಗೆ ಆ ಸಲದ ಅವಕಾಶ ತಪ್ಪಿರುತ್ತದೆ.

ಯಾರು ನಿಲ್ಲಬಹುದು, ಕುಟುಂಬದವರಿಗೆ ವಿಶೇಷ ಹಕ್ಕಿದೆಯೇ

ಅಭ್ಯರ್ಥಿಗೆ 25 ವರ್ಷ ತುಂಬಿರಬೇಕು ಮತ್ತು ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಅದೇ ಕ್ಷೇತ್ರದವರಾಗಿರಬೇಕೆಂಬ ನಿಯಮವಿಲ್ಲ. ಆದರೆ ನಾಮಪತ್ರಕ್ಕೆ ಸಹಿ ಹಾಕುವ ಸೂಚಕರು ಮಾತ್ರ ಅದೇ ಕ್ಷೇತ್ರದ ಮತದಾರರೇ ಆಗಿರಬೇಕು: ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬರು ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯದೆ ಸೋತವರ ಠೇವಣಿ ಸರ್ಕಾರಕ್ಕೆ ಸೇರುತ್ತದೆ. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯೊಬ್ಬರ ವೆಚ್ಚದ ಮಿತಿ 2021ರಲ್ಲಿ 30.80 ಲಕ್ಷ ರೂಪಾಯಿ ಇತ್ತು, 2022ರ ಜನವರಿಯಲ್ಲಿ ಅದು 40 ಲಕ್ಷಕ್ಕೆ ಏರಿತು.

ನಿಧನರಾದ ಶಾಸಕರ ಪತ್ನಿ, ಪತಿ, ಮಕ್ಕಳಿಗೆ ಕಾನೂನು ಯಾವ ಆದ್ಯತೆಯನ್ನೂ ಕೊಡುವುದಿಲ್ಲ. ಅವರನ್ನು ನಿಲ್ಲಿಸುವುದು ಪಕ್ಷಗಳ ತೀರ್ಮಾನ, ಅದರ ಹಿಂದಿರುವುದು ಅನುಕಂಪದ ಅಲೆಯ ನಿರೀಕ್ಷೆ. ಆ ಅಲೆ ಪ್ರತಿಸಲ ಏಳುತ್ತದೆಯೇ ಎಂಬ ಪ್ರಶ್ನೆಗೆ ಕರ್ನಾಟಕದ ಫಲಿತಾಂಶಗಳು ಒಂದೇ ಉತ್ತರ ಕೊಡುವುದಿಲ್ಲ. ಜಮಖಂಡಿಯ ಸಿದ್ದು ನ್ಯಾಮಗೌಡ 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಬಳಿಕ ಅವರ ಮಗ ಆನಂದ ನ್ಯಾಮಗೌಡ ಭಾರಿ ಅಂತರದಿಂದ ಗೆದ್ದರು. 2019ರ ಮಾರ್ಚ್‌ನಲ್ಲಿ ಕುಂದಗೋಳದ ಸಿ.ಎಸ್. ಶಿವಳ್ಳಿ ನಿಧನರಾದ ನಂತರ ಅವರ ಪತ್ನಿ ಕುಸುಮಾ ಶಿವಳ್ಳಿ ಗೆದ್ದರು, ಆದರೆ ಅಂತರ 1,601 ಮತಗಳಷ್ಟೇ. ಗುಂಡ್ಲುಪೇಟೆಯಲ್ಲಿ 2017ರಲ್ಲಿ ಎಚ್.ಎಸ್. ಮಹದೇವಪ್ರಸಾದ್ ಅವರ ಪತ್ನಿ, ಸುರಪುರದಲ್ಲಿ 2024ರಲ್ಲಿ ವೆಂಕಟಪ್ಪ ನಾಯಕರ ಮಗ ವೇಣುಗೋಪಾಲ ನಾಯಕ ಆಯ್ಕೆಯಾದರು. ಇನ್ನೊಂದು ಕಡೆ, 2020ರ ಆಗಸ್ಟ್‌ನಲ್ಲಿ ಶಿರಾದ ಜೆಡಿಎಸ್ ಶಾಸಕ ಬಿ. ಸತ್ಯನಾರಾಯಣ ನಿಧನರಾದಾಗ ಕಣಕ್ಕಿಳಿದ ಅವರ ಪತ್ನಿ ಅಮ್ಮಾಜಮ್ಮ ಮೂರನೇ ಸ್ಥಾನಕ್ಕೆ ಇಳಿದರು, ಬಿಜೆಪಿಯ ರಾಜೇಶ್ ಗೌಡ ಗೆದ್ದರು. ಬಸವಕಲ್ಯಾಣದ ಬಿ. ನಾರಾಯಣರಾವ್ ಕೋವಿಡ್‌ಗೆ ಬಲಿಯಾದ ಬಳಿಕ 2021ರ ಏಪ್ರಿಲ್‌ನಲ್ಲಿ ನಡೆದ ಚುನಾವಣೆಯಲ್ಲಿ ಅವರ ಪತ್ನಿ ಮಾಲಾ ಸೋತರು.

ಸಿಂದಗಿಯ ಕಥೆ ಇನ್ನೂ ಸಿಕ್ಕಾದದ್ದು. ಮನಗೂಳಿ ಅವರು ಜೆಡಿಎಸ್ ಶಾಸಕರಾಗಿದ್ದರು, ಅವರ ಮಗ ಅಶೋಕ ಮನಗೂಳಿ ಉಪಚುನಾವಣೆಗೆ ನಿಂತದ್ದು ಕಾಂಗ್ರೆಸ್ಸಿನಿಂದ. ತಂದೆಯ ಹೆಸರು ಒಂದು ಕಡೆ, ತಂದೆಯ ಪಕ್ಷ ಇನ್ನೊಂದು ಕಡೆ ಆದಂತಾಯಿತು. ಗೆದ್ದವರು ಬಿಜೆಪಿಯ ರಮೇಶ ಭೂಸನೂರ, 31,185 ಮತಗಳ ಅಂತರದಿಂದ. ಮೂರು ವರ್ಷದ ಹಿಂದೆ ಇದೇ ಕ್ಷೇತ್ರವನ್ನು ಗೆದ್ದಿದ್ದ ಜೆಡಿಎಸ್‌ನ ಅಭ್ಯರ್ಥಿಗೆ ಐದು ಸಾವಿರ ಮತಗಳೂ ಬೀಳದೆ ಠೇವಣಿ ಹೋಯಿತು. ಹಾನಗಲ್‌ನಲ್ಲಿ ಉದಾಸಿ ಕುಟುಂಬದವರ ಬದಲು ಶಿವರಾಜ ಸಜ್ಜನರ ಅವರನ್ನು ಬಿಜೆಪಿ ನಿಲ್ಲಿಸಿತು, ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ 7,373 ಮತಗಳ ಅಂತರದಿಂದ ಗೆದ್ದರು. ಒಂದೇ ದಿನ, ಒಂದೇ ಸರ್ಕಾರದ ಕಾಲದಲ್ಲಿ ಆಗ ಆಳುತ್ತಿದ್ದ ಬಿಜೆಪಿ ಒಂದು ಕಡೆ ದೊಡ್ಡ ಗೆಲುವು ಕಂಡು ಇನ್ನೊಂದು ಕಡೆ ತನ್ನದೇ ಸ್ಥಾನ ಕಳೆದುಕೊಂಡಿತು.

ಶಾಸಕರಿಲ್ಲದ ತಿಂಗಳುಗಳು

ತಹಶೀಲ್ದಾರ್ ಕಚೇರಿ, ಪಡಿತರ, ಪಿಂಚಣಿ, ಶಾಲೆ, ಆಸ್ಪತ್ರೆ ಎಲ್ಲವೂ ಅಧಿಕಾರಿಗಳ ಕೈಯಲ್ಲಿರುವುದರಿಂದ ಶಾಸಕರಿಲ್ಲದಿದ್ದರೂ ನಿಲ್ಲುವುದಿಲ್ಲ. ತೊಡಕಾಗುವುದು ಶಾಸಕರ ಶಿಫಾರಸು ಅಥವಾ ಅಧ್ಯಕ್ಷತೆ ಬೇಕಾದ ಕಡೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಾಗಿ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ, ಹಣವನ್ನು ನಿರ್ವಹಿಸುವವರು ಜಿಲ್ಲಾಧಿಕಾರಿ, ಆದರೆ ಯಾವ ಊರಿಗೆ ಯಾವ ಕೆಲಸವೆಂದು ಸೂಚಿಸುವವರು ಶಾಸಕರು. ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿಕೊಂಡು ಬಂದವರ ಅರ್ಜಿಗಳನ್ನು ತೀರ್ಮಾನಿಸುವ ಬಗರ್ ಹುಕುಂ ಸಮಿತಿಗೂ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ಸದನದಲ್ಲಿ ಕ್ಷೇತ್ರದ ಪರವಾಗಿ ಪ್ರಶ್ನೆ ಕೇಳುವವರಂತೂ ಇರುವುದಿಲ್ಲ.

ವಿಧಾನಸಭೆಯ ಮಟ್ಟದಲ್ಲಿ ಇದು ಸಂಖ್ಯೆಯ ವಿಷಯವಾಗುತ್ತದೆ. ಸ್ಥಾನಗಳು ಖಾಲಿ ಇದ್ದರೂ ಸದನ ಕೆಲಸ ಮಾಡಬಹುದೆಂದು ಸಂವಿಧಾನದ 189ನೇ ವಿಧಿ ಹೇಳುತ್ತದೆ. ನಮ್ಮಲ್ಲಿ 224 ಸ್ಥಾನಗಳಿದ್ದು ಬಹುಮತಕ್ಕೆ 113 ಬೇಕು. ಎರಡು ಸ್ಥಾನ ಖಾಲಿಯಾದರೆ 222ರಲ್ಲಿ 112 ಸಾಕು. 2018ರ ಮೇ ತಿಂಗಳ ಫಲಿತಾಂಶದ ದಿನ ಎಲ್ಲರ ಬಾಯಲ್ಲೂ 112 ಎಂಬ ಅಂಕಿ ಇದ್ದುದಕ್ಕೆ ಜಯನಗರ ಮತ್ತು ರಾಜರಾಜೇಶ್ವರಿ ನಗರದ ಚುನಾವಣೆಗಳು ಮುಂದಕ್ಕೆ ಹೋಗಿದ್ದುದೇ ಕಾರಣ. ಆಳುವ ಪಕ್ಷದ ಬಹುಮತ ಗಟ್ಟಿಯಾಗಿದ್ದಾಗ ಒಂದು ಉಪಚುನಾವಣೆಯಿಂದ ಸರ್ಕಾರ ಅಲುಗಾಡುವುದಿಲ್ಲ. ಆದರೂ ಸಚಿವರ ದಂಡು ಕ್ಷೇತ್ರದಲ್ಲಿ ಬೀಡುಬಿಡುವುದನ್ನು ನೋಡಿದರೆ ಪಕ್ಷಗಳು ಅದನ್ನು ಬೇರೆಯೇ ತಕ್ಕಡಿಯಲ್ಲಿ ತೂಗುತ್ತವೆ ಎಂದು ತಿಳಿಯುತ್ತದೆ.

ಗೆದ್ದವರಿಗೆ ಎಷ್ಟು ಕಾಲ

ಉಪಚುನಾವಣೆಯಲ್ಲಿ ಗೆದ್ದವರಿಗೂ ಐದು ವರ್ಷ ಸಿಗುತ್ತದೆಂಬ ತಿಳುವಳಿಕೆ ತಪ್ಪು. ಐದು ವರ್ಷವೆಂಬುದು ಸದನದ ಆಯುಷ್ಯ. ಬೆಂಗಳೂರಿನಿಂದ ವಿಜಯಪುರಕ್ಕೆ ಹೊರಟ ಬಸ್ಸನ್ನು ಚಿತ್ರದುರ್ಗದಲ್ಲಿ ಹತ್ತಿದವರೂ ವಿಜಯಪುರದ ನಿಲ್ದಾಣದಲ್ಲೇ ಇಳಿಯಬೇಕು, ತಡವಾಗಿ ಹತ್ತಿದರೆಂದು ಅವರಿಗಾಗಿ ಬಸ್ಸು ಮುಂದೆ ಹೋಗುವುದಿಲ್ಲ. ಹೊಸ ಸದಸ್ಯರು ಪ್ರಮಾಣವಚನ ಸ್ವೀಕರಿಸಿದ ಮೇಲೆಯೇ ಸದನದಲ್ಲಿ ಕೂರಬಹುದು. ಪ್ರಮಾಣ ಸ್ವೀಕರಿಸದೆ ಕುಳಿತರೆ ಅಥವಾ ಮತ ಹಾಕಿದರೆ ದಿನಕ್ಕೆ 500 ರೂಪಾಯಿ ದಂಡವೆಂದು ಸಂವಿಧಾನದ 193ನೇ ವಿಧಿಯಲ್ಲಿ ಬರೆದಿದೆ. ಈ ಮೊತ್ತ ಈ ಕಾಲಕ್ಕೆ ಓದಿದಾಗ ತುಸು ನಗು ತರಿಸುತ್ತದೆ.

ಭೂಸನೂರ ಮತ್ತು ಮಾನೆ ಅವರಿಗೆ ಸಿಕ್ಕದ್ದು ಸುಮಾರು ಒಂದೂವರೆ ವರ್ಷ. 2023ರ ಮೇ 10ರಂದು ಎರಡೂ ಕ್ಷೇತ್ರಗಳ ಮತದಾರರು ಮತ್ತೆ ಮತಗಟ್ಟೆಗೆ ಬಂದರು. ಹಾನಗಲ್ ಮಾನೆ ಅವರನ್ನೇ ಉಳಿಸಿಕೊಂಡಿತು. ಸಿಂದಗಿಯಲ್ಲಿ ಭೂಸನೂರ ಸೋತರು, ಉಪಚುನಾವಣೆಯಲ್ಲಿ ಸೋತಿದ್ದ ಅಶೋಕ ಮನಗೂಳಿ ತಂದೆ ಪ್ರತಿನಿಧಿಸಿದ್ದ ಕ್ಷೇತ್ರದಿಂದಲೇ ಶಾಸಕರಾದರು.